ಮುಖ ಹಂಚಿಕೊಟ್ಟ ಹುಡುಗಿ

ತಾಕತ್ತಿದ್ದರೆ ಇದನ್ನು ನಂಬದೆ ಓದಿ ಮುಗಿಸಿ, ನೋಡೋಣ. ‘ಈ ಮನುಷ್ಯನ ಒಂದು ಮಾತೂ ನಾನು ನಂಬುವುದಿಲ್ಲ’ ಎಂದು ಎದೆ ತಟ್ಟಿಕೊಂಡವರನ್ನು ಬಹಳ ಮಂದಿ ಕಂಡಿದ್ದೇನೆ. ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ಸು ಓಡಿಸುತ್ತಿದ್ದಾಗ ಹೊಸದಾಗಿ ಬಂದಿದ್ದ ಎಂಜಿನಿಯರ್ ಒಬ್ಬ ಹಾಗೇ ಅಂದ. ಸಂಡೂರು ಗುಡ್ಡದಲ್ಲಿ ಕೆಂಪು ನವಿಲಿನ ಜಾತಿಯೊಂದಿದೆ, ತಲೆಮಾರುಗಳಿಂದ ಅದಿರಿನ ಧೂಳು ತಿಂದು ಅದರ ಮೊಟ್ಟೆಯೂ ಕೆಂಪಾಗಿಬಿಟ್ಟಿದೆ ಎಂದು ಅವನಿಗೆ ಹೇಳಿದೆ. ನಕ್ಕ. ಭಾನುವಾರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಗುಡ್ಡ ಹತ್ತಿದ. ಸೋಮವಾರ ಬಸ್ಸಿನಲ್ಲಿ ಎಲ್ಲರ ಮುಂದೆ, “ಸಿಕ್ತೇನ್ರಿ ಸಾಹೇಬ್ರ?” ಎಂದು ಕೇಳಿದೆ. “ಸಿಕ್ಕಿತು” ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಅವತ್ತಿನಿಂದ ಆ ತಿರುವಿನಲ್ಲಿ ಬಸ್ಸು ಹೊರಳಿಸುವಾಗಲೆಲ್ಲ ನಾನೇ ಕಣ್ಣು ಕಿರಿದು ಮಾಡಿ ಗುಡ್ಡ ನೋಡುತ್ತಿದ್ದೆ.

ಊರಿಗೆಲ್ಲ ಟೋಪಿ ಹಾಕುವವನ ಕಷ್ಟವೇ ಇದು. ತನ್ನ ತಲೆಯ ಮೇಲೂ ಯಾರೋ ಒಂದು ಇಟ್ಟಿದ್ದಾರೇನೋ ಎಂದು ಸದಾ ತಡವಿಕೊಳ್ಳುತ್ತಿರುತ್ತಾನೆ.

ಬಸ್ಸು ನನ್ನ ಹೊಟ್ಟೆಪಾಡು. ನನ್ನ ಹೆಸರು ನಿಂತದ್ದು ಮಾತ್ರ ಕಂಪ್ಲಿ ಕಡೆಯ ನಮ್ಮ ಬಯಲಾಟದ ಮೇಳದಲ್ಲಿ. ಅಲ್ಲಿ ನಾನು ಸಾರಥಿ. ಸಾರಥಿ ಅಂದರೆ ರಥ ಹೊಡೆಯುವವನಲ್ಲ. ರಂಗಕ್ಕೆ ಯಾವ ಪಾತ್ರ ಬಂದರೂ ತಡೆದು ನಿಲ್ಲಿಸಿ, ‘ಹೀಗೆ ಬಂದಂಥವರು ತಾವು ಯಾರು? ಯಾವ ಪಟ್ಟಣ? ತಮ್ಮ ನಾಮಾಂಕಿತವೇನು?’ ಎಂದು ಕೇಳುವವನು. ನಾನು ಕೇಳುವ ತನಕ ರಾಜನೂ ರಾಜನಲ್ಲ, ಬಣ್ಣ ಹಚ್ಚಿಕೊಂಡು ಕುಣಿಯುವ ಒಬ್ಬ ಆಸಾಮಿ ಅಷ್ಟೆ. ಒಮ್ಮೆ ನನ್ನ ಎಲೆಅಡಿಕೆ ಚೀಲ ಖಾಲಿ ಮಾಡಿದ ರಾಜನೊಬ್ಬನನ್ನು ನಾನು ಬೇಕಂತಲೇ ಕೇಳಲಿಲ್ಲ. ಮದ್ದಳೆಯವನ ಕಡೆ ತಿರುಗಿ ಅವನ ಮನೆಯವರ ಕ್ಷೇಮಸಮಾಚಾರ ವಿಚಾರಿಸುತ್ತ ನಿಂತೆ. ಪಾಪ, ಭುಜಕೀರ್ತಿ ಹೊತ್ತು ಕುಣಿದೂ ಕುಣಿದೂ ಬರೆದ ಮೀಸೆ ಬೆವರಿಗೆ ಕರಗಿ ಗದ್ದಕ್ಕಿಳಿಯಿತು. ಕಡೆಗೆ ಹಲ್ಲಿನ ಸಂದಿಯಿಂದ, “ಕೇಳಲೇ, ನಿನ್ನ ಕಾಲು ಬೀಳ್ತೀನಿ” ಎಂದ. ಆಗ ಕೇಳಿದೆ. ಆ ರಾಜ ಮುಂದೆ ನನ್ನ ಚೀಲದ ಕಡೆ ಕಣ್ಣೆತ್ತಲಿಲ್ಲ.

ಸಾರಥಿಗೆ ಇನ್ನೊಂದು ಕಟ್ಟಳೆಯೂ ಇದೆ. ಮಾತು ಮರೆತ ಪಾತ್ರಧಾರಿಯನ್ನು ಅವನು ಬಿಟ್ಟುಕೊಡಬಾರದು. ದೇವೇಂದ್ರನ ವೇಷದವನು ದಿಕ್ಕುತಪ್ಪಿ ತನ್ನ ಎಮ್ಮೆ ಕಳೆದುಹೋದ ಕಥೆಯನ್ನೇ ಹೇಳತೊಡಗಿದರೂ, ಅದು ಆಟದ ಮಾತೇ ಅನ್ನುವಂತೆ ಮುಂದಿನ ಪ್ರಶ್ನೆ ಹಾಕಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವನು ತುಂಗಭದ್ರೆಯ ಈಚೆ ದಡದಲ್ಲಿ ಇರಲಿಲ್ಲ. ಆಚೆ ದಡದ್ದು ನನಗೆ ಗೊತ್ತಿಲ್ಲ, ಇದ್ದರೂ ಒಪ್ಪುವುದಿಲ್ಲ.

ಈಗ ನಾನು ಹೊಸಪೇಟೆಯಲ್ಲಿ, ಚಿಕ್ಕ ಮಗಳ ಮನೆಯಲ್ಲಿದ್ದೇನೆ. ಅಳಿಯ ಮೊದಲು ಗಣಿಯ ಆಫೀಸಿನಲ್ಲಿದ್ದ. ಹೊಸಪೇಟೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಎಲ್ಲರೂ ಇಲ್ಲಿಗೆ ಬಂದೆವು. ಮೊಮ್ಮಗಳು ಸಂಡೂರಿನಲ್ಲಿ ಹತ್ತನೇ ತರಗತಿ ಮುಗಿಸಿ ಬಂದವಳು, ಇಲ್ಲಿ ಪಿಯುಸಿ ಮೊದಲ ವರ್ಷಕ್ಕೆ ಸೇರಿದಳು. ಸಂಡೂರಿನಲ್ಲಿ ಅವಳು ಶಾಲೆಯಿಂದ ಬರುವುದು ಬೀದಿಯ ಆ ತುದಿಯಲ್ಲಿರುವಾಗಲೇ ನಮಗೆ ಗೊತ್ತಾಗುತ್ತಿತ್ತು, ದನಿ ಅಷ್ಟು. ಹೊಸಪೇಟೆಗೆ ಬಂದ ಮೇಲೆ ಅವಳ ಮಾತು ಸವೆಯುತ್ತ ಬಂತು. ಹೂಂ, ಉಹೂಂ, ಸಾಕು. ಕಡೆಗೆ ‘ಸಾಕು’ ಕೂಡ ಬಿಟ್ಟು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯತೊಡಗಿದಳು.

ಮಹಡಿ ಮೆಟ್ಟಿಲಿನ ತಲೆಯ ಮೇಲೆ ಒಂದು ಸಣ್ಣ ಕೋಣೆ ಇದೆ. ಕಾಲೇಜಿನಿಂದ ಬಂದವಳೇ ಅಲ್ಲಿ ಸೇರಿಕೊಂಡು, ಕಿವಿಗೆ ವೈರು ಚುಚ್ಚಿಕೊಂಡು ಫೋನಿನಲ್ಲಿ ಸಿನಿಮಾ ನೋಡುತ್ತಿದ್ದಳು. ನೋಡಲಿ ಬಿಡಿ, ನಾವೂ ನೋಡಿದವರೇ. ಆದರೆ ನಾನು ನೀರಿನ ಟ್ಯಾಂಕು ನೋಡುವ ನೆವದಲ್ಲಿ ಹತ್ತಿದಾಗಲೆಲ್ಲ ಪರದೆಯ ಮೇಲೆ ಅದೇ ಮಂಜು, ಅದೇ ಹುಡುಗಿ. ಪ್ರತಿ ಸಾರಿಯೂ ಒಂದೇ ಸಿನಿಮಾ. ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುವವರು ಎರಡೇ ಜಾತಿ, ಹೀರೋನ ಮೇಲೆ ಮನಸ್ಸಿಟ್ಟವರು ಮತ್ತು ಏನನ್ನೋ ಕಳೆದುಕೊಂಡು ಹುಡುಕುವವರು. ಆ ಸಿನಿಮಾದಲ್ಲಿ ಹೀರೋನೇ ಇದ್ದಂತೆ ಕಾಣಲಿಲ್ಲ.

ಆಮೇಲೆ ಮೆಸೇಜು ಬರಲು ಶುರುವಾಯಿತು. ಕಾಲೇಜಿನವರು ತಾಯಿಯ ಫೋನಿಗೆ ಕಳಿಸುವಂಥದ್ದು: ನಿಮ್ಮ ಮಗಳು ಇಂದು ತರಗತಿಗೆ ಹಾಜರಾಗಿಲ್ಲ. ಮೊದಲ ಸಲ ಮಗಳು ಲೆಕ್ಕಕ್ಕೆ ಹಿಡಿಯಲಿಲ್ಲ. ಮತ್ತೆ ಬಂತು, ಮತ್ತೆ ಬಂತು. ಒಂದು ಸಂಜೆ ಹುಡುಗಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದಳು.

“ಕಾಲೇಜಿಗೆ ಹೋಗಿದ್ದೇನು?”

“ಹೋಗಿದ್ದೆ.”

“ಹೋಗಿದ್ರ ಇದ್ಯಾಕ ಬರ್ತತಿ?”

ಹುಡುಗಿ ಒಲೆಯ ಮೇಲಿನ ಹಾಲು ನೋಡುತ್ತ ನಿಂತಳು. ಅದು ಉಕ್ಕಿ ಚೆಲ್ಲಿದರೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಮೂರು ಮಂದಿಗೆ ಮೂರು ಅನುಮಾನ. ಸಿನಿಮಾದಲ್ಲಿರುವುದು ಯಾವುದೋ ಗಾಳಿ, ನೋಡಿ ನೋಡಿ ಮಗಳ ಮೈಮೇಲೆ ಬಂದಿದೆ ಎಂದು ನನ್ನ ಮಗಳು. ಗಾಳಿಯೂ ಇಲ್ಲ ಮಣ್ಣೂ ಇಲ್ಲ, ಫೋನ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಅಳಿಯ. ನಾನು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಪ್ರಕಾರ ಇದರ ಹಿಂದೆ ಯಾವನೋ ಮೀಸೆ ಚಿಗುರಿದ ಹುಡುಗ ಇದ್ದ. ಕಡೆಗೆ ಮಗಳು ತೀರ್ಮಾನ ಕೊಟ್ಟಳು. ಕಂಪ್ಲಿಯಲ್ಲಿ ನನ್ನ ದೊಡ್ಡ ಮಗಳಿದ್ದಾಳೆ, ಅವಳ ಮನೆಯ ಹತ್ತಿರವೇ ಕಾಲೇಜಿದೆ, ಅವಳ ಕಣ್ಣು ತಪ್ಪಿಸಿ ಬೆಕ್ಕೂ ಹೊಸ್ತಿಲು ದಾಟುವುದಿಲ್ಲ. ಇನ್ನೊಂದು ಮೆಸೇಜು ಬಂದರೆ ಹುಡುಗಿಯನ್ನು ಅಲ್ಲಿಗೆ ಕಳಿಸುವುದು. ಚೀಲವನ್ನು ಅಟ್ಟದಿಂದ ಇಳಿಸಿ ನಡುಮನೆಯಲ್ಲಿಟ್ಟಳು, ಎಲ್ಲರಿಗೂ ಕಾಣುವಂತೆ.

ಮಾರನೆಯ ದಿನ ಹುಡುಗಿಗೆ ಪರೀಕ್ಷೆಯ ಫೀಸಿನ ನೆವದಲ್ಲಿ ತಾಯಿ ಮತ್ತೆ ಬೈದಳು. ಅವಳು ಕಾಲೇಜಿಗೆ ಹೊರಟಳು, ಹಿಂದೆ ನಾನು ಹೊರಟೆ. ತಲೆಗೆ ಟವೆಲ್ ಸುತ್ತಿ, ಅಳಿಯನ ಕಾರ್ಖಾನೆಯ ಹಳೇ ಕೋಟು ತೊಟ್ಟು, ನಡಿಗೆಯನ್ನೂ ಬದಲಾಯಿಸಿದ್ದೆ. ದಾರಿಯಲ್ಲಿ ಸಿಕ್ಕ ನನ್ನ ಪರಿಚಯದ ಹೂವಿನವಳಿಗೂ ಗುರುತು ಸಿಗಲಿಲ್ಲ. ಹುಡುಗಿ ಎಲ್ಲೂ ತಿರುಗಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ. ನೆಟ್ಟಗೆ ಕಾಲೇಜಿನ ಗೇಟು ಹೊಕ್ಕಳು. ಎದುರಿನ ಚಹಾ ಅಂಗಡಿಯಲ್ಲಿ ಬೀಡುಬಿಟ್ಟೆ. ಹಿಂದೆ ಇನ್ನೊಂದು ಬಾಗಿಲು ಇದೆಯೇ ಎಂದು ಸುತ್ತ ಒಂದು ಪ್ರದಕ್ಷಿಣೆಯನ್ನೂ ಹಾಕಿ ಬಂದೆ, ಇರಲಿಲ್ಲ. ಬಿಡುವ ಹೊತ್ತಿಗೆ ಅದೇ ಗೇಟಿನಿಂದ ಅವಳು ಹೊರಬಂದಳು. ಹುಡುಗನಿದ್ದಾನೆ ಅನ್ನುವ ನನ್ನ ಅನುಮಾನಕ್ಕೆ ಅಲ್ಲೇ ಎಳ್ಳುನೀರು ಬಿಟ್ಟೆ. ಮನೆಗೆ ಬಂದರೆ ಮಗಳು ಫೋನ್ ಎತ್ತಿ ಹಿಡಿದಿದ್ದಳು. ಇಂದು ಹಾಜರಾಗಿಲ್ಲ.

ಒಳಗೆ ಹೋದದ್ದನ್ನು ಈ ಕಣ್ಣಿಂದ ಕಂಡಿದ್ದೇನೆ. ಬಂದಿಲ್ಲ ಎಂದು ಕಾಲೇಜು ಹೇಳುತ್ತದೆ. ಹಾಗಾದರೆ ಒಳಗೆ ಹೋದವಳು ಯಾರು? ಊಟಕ್ಕೆ ಕೂತಾಗ ಮೊಮ್ಮಗಳ ಮುಖವನ್ನು ಕದ್ದು ಕದ್ದು ನೋಡಿದೆ. ಎಡ ಹುಬ್ಬಿನ ಗಾಯದ ಗುರುತು ಇತ್ತು, ಮೂಗು ನಮ್ಮ ಮನೆತನದ್ದೇ. ಆದರೂ ಸಂಶಯ ಹೋಗಲಿಲ್ಲ. ಇಷ್ಟು ವರ್ಷ ವೇಷಗಳ ನಡುವೆ ಬದುಕಿದವನಿಗೆ ಮೂಗೊಂದು ಸಾಕ್ಷಿಯೇ?

ನಾನು ಕಂಡದ್ದನ್ನು ಮಗಳಿಗೆ ಹೇಳಿದೆ. ಅವಳು ನಂಬಲಿಲ್ಲ. “ಯಪ್ಪಾ, ನಿನ್ನ ಆಟ ನನ್ನತ್ರ ಬ್ಯಾಡ. ಮೊಮ್ಮಗಳನ್ನ ಉಳಿಸ್ಕಳಾಕ ನೀ ಸೂರ್ಯನ್ನೂ ಪಡುವಲಕ ಹುಟ್ಟಿಸ್ತಿ” ಎಂದಳು. ನನ್ನ ಕೈಯಿಂದ ಚಹಾ ತೆಗೆದುಕೊಂಡರೆ ಮೊದಲು ಮೂಸಿ ನೋಡುವ ಮನೆ ಇದು. ಇಲ್ಲಿ ನನ್ನ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಬಹಳ ಕೇಳಿಕೊಂಡ ಮೇಲೆ, ವಾರ ಮುಗಿಯಲಿ, ಸೋಮವಾರ ಮೆಸೇಜು ಬಂದರೆ ಮಾತ್ರ ಮಂಗಳವಾರ ಕಂಪ್ಲಿ ಎಂದು ಗಡುವು ಕೊಟ್ಟಳು.

ಉಳಿದಿದ್ದ ಒಂದೇ ಸುಳಿವು ಆ ಸಿನಿಮಾ. ನನಗೂ ತೋರಿಸು ಎಂದು ಮೆಟ್ಟಿಲ ಮೇಲೆ ಕೂತು ಮೊಮ್ಮಗಳನ್ನು ಕೇಳಿದೆ.

“ಬ್ಯಾಡ ತಾತ. ನೀ ನೋಡಿ ಆಮ್ಯಾಲ ಎಲ್ಲಾರ ಮುಂದ ಆಡಿ ತೋರಸ್ತಿ.”

ಅದು ನಿಜವಿತ್ತು. ಬೀಗರ ನಡಿಗೆ, ಪೂಜಾರಿಯ ಮಂತ್ರ, ಯಾವುದನ್ನೂ ನಾನು ಬಿಟ್ಟವನಲ್ಲ. ಆಡಿ ತೋರಿಸುವುದಿಲ್ಲ, ನಗುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಒಪ್ಪಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆ ಕೋಟು ಹಾಕ್ಕಂಡು ಮತ್ತ ನನ್ನ ಹಿಂದ ಬರಬ್ಯಾಡ” ಎಂದಳು. ಮೊದಲ ತಿರುವಿನಲ್ಲೇ ಅವಳಿಗೆ ಗೊತ್ತಾಗಿತ್ತಂತೆ. ಹೂವಿನವಳೂ ಗುರುತು ಹಿಡಿದು, ‘ನಿಮ್ಮ ತಾತ ಯಾಕ ಕುಂಟಾಕತ್ತಾನ’ ಎಂದು ಸಂಜೆ ಅವಳನ್ನೇ ಕೇಳಿದ್ದಳಂತೆ. ಇರಲಿ, ಇದನ್ನು ನೀವು ಮರೆತುಬಿಡಿ.

ಭಾನುವಾರ ಇಬ್ಬರೂ ಹಂಪಿ ಬಸ್ಸು ಹತ್ತಿದೆವು. ಮನೆಯಲ್ಲಿ ವಿರೂಪಾಕ್ಷನ ದರ್ಶನ ಎಂದು ಹೇಳಿದ್ದೆ. ಮಗಳು ಅನುಮಾನದಿಂದಲೇ ಬಾಳೆಹಣ್ಣು, ಕಾಯಿ ಕೊಟ್ಟು ಕಳಿಸಿದಳು. ಕಡ್ಡಿರಾಂಪುರದಲ್ಲಿ ಬಸ್ಸು ನಿಂತಾಗ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದೆ. ಅವಳು ಕಿಟಕಿಗೆ ಹಣೆ ಹಚ್ಚಿ ಕೂತೇ ಇದ್ದಳು. ದೇವರಿಗೆ ಕೈಮುಗಿದು, ಬಜಾರಿನ ಸಾಲುಮಂಟಪದಲ್ಲಿ ನೆರಳು ಗಟ್ಟಿಯಾಗಿದ್ದ ಒಂದು ಕಡೆ ಕಲ್ಲಿನ ಮೇಲೆ ಕೂತೆವು. ಫೋನನ್ನು ತೆಂಗಿನಕಾಯಿಗೆ ಆನಿಸಿ ನಿಲ್ಲಿಸಿದಳು. ವೈರಿನ ಒಂದು ತುದಿ ಅವಳ ಕಿವಿಗೆ, ಒಂದು ನನ್ನ ಕಿವಿಗೆ.

ಯಾವ ದೇಶದ್ದೋ ಸಿನಿಮಾ. ಮಾತು ಇಂಗ್ಲಿಷೂ ಅಲ್ಲ, ಕೆಳಗೆ ಇಂಗ್ಲಿಷ್ ಅಕ್ಷರ ಮೂಡಿ ಮೂಡಿ ಮಾಯವಾಗುತ್ತಿದ್ದವು. ನನ್ನ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. ಅವಳೇ ಓದಿ ನಮ್ಮ ಮಾತಿನಲ್ಲಿ ಹೇಳಬೇಕಾಯಿತು. ಸದಾ ಮಂಜು ಕವಿದ ಒಂದು ಊರು. ಅಲ್ಲಿಗೆ ಒಬ್ಬ ಹುಡುಗಿ ಹೊಸದಾಗಿ ಬರುತ್ತಾಳೆ. ಬಸ್ಸಿನ ಕಂಡಕ್ಟರ್ ಅವಳನ್ನು ನೋಡಿ ನಗುತ್ತಾನೆ, ಅವಳೂ ನಗುತ್ತಾಳೆ. ಮಾರನೆಯ ದಿನ ಆ ಕಂಡಕ್ಟರ್ ತಿರುಗಿದರೆ ಅವನ ಟೋಪಿಯ ಕೆಳಗೆ ಹುಡುಗಿಯ ಮುಖ. ದೇಹ ಅವನದೇ, ದಪ್ಪ ಕುತ್ತಿಗೆ ಅವನದೇ, ಮುಖ ಮಾತ್ರ ಇವಳದು. ಆಮೇಲೆ ಶಾಲೆಯ ಅಡುಗೆಯವಳಿಗೆ ಅದೇ ಮುಖ. ಪಕ್ಕದ ಬೆಂಚಿನವರಿಗೆ ಅದೇ ಮುಖ. ಮನೆಗೆ ಬಂದರೆ ತಾಯಿ ತಟ್ಟೆ ಇಡುತ್ತ ತಲೆಯೆತ್ತುತ್ತಾಳೆ, ಅವಳಿಗೂ. ಯಾರೂ ಕಿರುಚುವುದಿಲ್ಲ. ರಕ್ತ ಇಲ್ಲ, ಬಿಳಿ ಸೀರೆ ಇಲ್ಲ, ಗೆಜ್ಜೆ ಸದ್ದು ಇಲ್ಲ. ಹಗಲು ಹೊತ್ತಿನಲ್ಲಿ, ಜನಸಂದಣಿಯ ಮಂಟಪದಲ್ಲಿ ಕೂತ ನಾನು ಓಡಾಡುವವರ ಮುಖಗಳನ್ನು ಒಮ್ಮೆ ನೋಡಿಕೊಂಡೆ.

ಹಳೇ ಚಾಳಿ, ಪರದೆಯ ಮೇಲೆ ಹೊಸಬರು ಬಂದಾಗಲೆಲ್ಲ ನನ್ನ ಬಾಯಿಂದ ‘ತಾವು ಯಾರು’ ಎಂದು ಬಂದುಬಿಡುತ್ತಿತ್ತು. “ಸುಮ್ನಿರು ತಾತ” ಎಂದು ಮೊದಲು ಗದರಿಸಿದಳು. ಆಮೇಲೆ ಅವಳೇ ಉತ್ತರ ಕೊಡತೊಡಗಿದಳು. ಇವರು ಹೆಡ್ ಮಾಸ್ತರು, ಇವಳು ಎಲ್ಲರ ಗೆಳತಿ.

ಅಷ್ಟರಲ್ಲಿ ಸಿನಿಮಾದ ಹುಡುಗಿ ಕನ್ನಡಿ ನೋಡಿಕೊಂಡಳು. ಹುಬ್ಬು ಅಳಿಸಿಹೋಗಿತ್ತು. ಮುಂದಿನ ಸಲ ಮೂಗು ಸಪಾಟು. ಕಡೆಗೆ ತಟ್ಟುವ ಮೊದಲು ರೊಟ್ಟಿಯ ಹಿಟ್ಟಿನ ಉಂಡೆ ಹೇಗಿರುತ್ತದೆ, ಹಾಗೆ. ಅವಳು ತನ್ನ ಬೆರಳಿನಿಂದಲೇ ಆ ಹಿಟ್ಟಿನಲ್ಲಿ ಕಣ್ಣಿಗೆಂದು ಎರಡು ಗುಳಿ ಒತ್ತುತ್ತಾಳೆ. ಬೆಳಗಾಗುವುದರೊಳಗೆ ಅವೂ ಮುಚ್ಚಿಕೊಂಡಿರುತ್ತವೆ.

ತಿಳಿಯಿತು ಬಿಡು, ಇದು ಮುಖ ಕಳ್ಳರ ಕಥೆ ಎಂದು ನಾನು ಅರ್ಥ ಹೇಳಿದೆ. ನಮ್ಮ ಆಟಗಳಲ್ಲೂ ಇಂಥದ್ದುಂಟು, ರಾಕ್ಷಸ ಗಂಡನ ರೂಪ ಕದ್ದು ಮನೆಗೆ ಬರುತ್ತಾನೆ, ಕಡೆಗೆ ಯಾರಾದರೂ ಬಂದು ಅವನ ಬಣ್ಣ ಬಯಲು ಮಾಡುತ್ತಾರೆ. ಇಲ್ಲಿ ರಾಕ್ಷಸ ಯಾರು ಅನ್ನುವುದನ್ನು ಮುಚ್ಚಿಟ್ಟಿದ್ದಾರೆ, ನನ್ನ ಅನುಮಾನ ಆ ಕಂಡಕ್ಟರ್ ಮೇಲೆ ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯದೆ, “ಯಾರೂ ಕದ್ದಿಲ್ಲ ತಾತ. ಅಕಿನ ಕೊಟ್ಟಾಳ” ಎಂದಳು. “ಒಬ್ರು ನಕ್ರ ಒಂಚೂರು. ಮಾತಾಡಿಸಿದ್ರ ಒಂಚೂರು. ಅವರಂಗ ಆದ್ರ ಸೇರಿಸ್ಕಂತಾರ ಅಂತ ಕೊಟ್ಕಂತ ಹೋದ್ಲು.”

“ಕೊಟ್ಟದ್ದು ತಿರುಗಿ ಕೇಳಬೇಕವ್ವ.”

“ಕೇಳಾಕ ಬಾಯಿ ಬೇಕಲ್ಲ.”

ನನ್ನನ್ನು ಸುಮ್ಮನಾಗಿಸಿದವರು ಬಹಳ ಮಂದಿ ಇಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ.

ಅಲ್ಲಿಂದ ಮುಂದೆ ನನಗೆ ಬೇರೆಯೇ ಅನುಮಾನ ಹತ್ತಿತು. ಪರದೆಯ ಮೇಲೆ ಇಬ್ಬರು ಹೆಂಗಸರು ಕೈ ಬೀಸಿ ಬೀಸಿ ಜಗಳವಾಡಿದರು, ಕೆಳಗೆ ಅಕ್ಷರ ಮಳೆಯಂತೆ ಸುರಿದವು. ಇವಳು ಹೇಳಿದ್ದು, “ಏನಿಲ್ಲಂತ”. ಇನ್ನೊಮ್ಮೆ ಆ ಹುಡುಗಿ ದೊಡ್ಡ ಊಟದ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಅವಳಿಗೆ ಬಾಯಿಯೇ ಇಲ್ಲ, ಕೆಳಗೆ ಒಂದಕ್ಷರವೂ ಇಲ್ಲ, ಕಿವಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆದರೆ ನನ್ನ ಮೊಮ್ಮಗಳು ಹೇಳುತ್ತಲೇ ಇದ್ದಳು. ‘ನಮ್ಮೂರಾಗ ನಾ ಹಿಂಗ ಇರಲಿಲ್ಲ ಅನ್ನಾಕತ್ತಾಳ. ಅಲ್ಲಿ ನಾ ಬರೋದನ್ನ ಕಾಯ್ತಿದ್ರು ಅನ್ನಾಕತ್ತಾಳ.’

ಸಿಕ್ಕಿಬಿದ್ದಳು. ಇನ್ನೊಬ್ಬನಾಗಿದ್ದರೆ, ಲೇ ಕಳ್ಳಿ, ಅಲ್ಲಿ ಯಾರೂ ಮಾತಾಡುತ್ತಿಲ್ಲವಲ್ಲ ಎಂದು ಕಿವಿ ಹಿಂಡುತ್ತಿದ್ದ. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪಾತ್ರಧಾರಿ ಆಟದ ಮಾತು ಬಿಟ್ಟು ತನ್ನ ಮಾತು ಹಿಡಿದಾಗ ಸಾರಥಿ ಏನು ಮಾಡಬೇಕೋ ಅದು ಮೈಗೇ ಗೊತ್ತಿತ್ತು. ನಾನೂ ಪರದೆಯನ್ನೇ ನೋಡುತ್ತ, ಸಿನಿಮಾದ ಹುಡುಗಿಯನ್ನೇ ಕೇಳುವಂತೆ, “ಭಲಾ. ಮತ್ತೆ ಈ ಪಟ್ಟಣಕ್ಕೆ ಬಂದ ಮೇಲೆ ತಮಗೆ ಏನಾಯಿತು?” ಎಂದೆ.

ಅವಳು ಮಿರ್ಚಿಯ ತೊಟ್ಟು ತಿರುಗಿಸುತ್ತ ಹೇಳಿದಳು. ಪರದೆಯ ಮೇಲೆ ಆ ಹಿಟ್ಟಿನ ಮುಖದವಳು ಕೂತೇ ಇದ್ದಳು, ಇವಳು ಹೇಳುತ್ತಲೇ ಹೋದಳು. ಇವಳ ತರಗತಿಯಲ್ಲಿ ಇವಳದೇ ಹೆಸರಿನ ಇನ್ನೊಬ್ಬಳಿದ್ದಾಳೆ, ಹೊಸಪೇಟೆಯವಳೇ, ಎಲ್ಲರಿಗೂ ಬೇಕಾದವಳು. ಮೊದಲ ವಾರ ಹಾಜರಿ ಕೂಗುವಾಗ ಒಮ್ಮೆಗೇ ಇಬ್ಬರೂ ‘ಎಸ್ ಸರ್’ ಅಂದರು. ಮೇಷ್ಟ್ರು ತಲೆಯೆತ್ತದೆ, ಒಬ್ಬಳು ಸಾಕವ್ವ, ಎರಡನೇಯಾಕಿ ಸ್ವಲ್ಪ ತಡಿ ಎಂದರು. ಹುಡುಗರು ನಕ್ಕರು. ಅವತ್ತಿನಿಂದ ಇವಳ ಹೆಸರು ‘ಎರಡನೇಯಾಕಿ’. ಗುಂಪಿನ ಫೋಟೋ ತೆಗೆಯಲು ಫೋನ್ ಕೊಡುವುದು ಎರಡನೇಯಾಕಿಯ ಕೈಗೆ. ಫೋಟೋದಲ್ಲಿ ಇವಳಿಲ್ಲ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಒಂದು ದಿನ ಹೆಸರು ಕೂಗಿದಾಗ ಇವಳು ಬೇಕಂತಲೇ ಬಾಯಿ ತೆರೆಯಲಿಲ್ಲ. ಯಾರಾದರೂ ತಿರುಗಿ ನೋಡಿ, ಇಲ್ಲೇ ಕೂತಿದ್ದಾಳಲ್ಲ ಸರ್ ಎನ್ನುತ್ತಾರೇನೋ ಎಂದು ನೋಡಿದಳು. ಯಾರೂ ಅನ್ನಲಿಲ್ಲ. ಮರುದಿನವೂ ಅನ್ನಲಿಲ್ಲ. ಆಮೇಲೆ ಬಾಯಿ ತೆರೆಯಲು ಬರಲೇ ಇಲ್ಲ.

ಅಂದರೆ ದಿನಾ ಕಾಲೇಜಿಗೆ ಹೋಗಿ, ಬೆಂಚಿನ ಮೇಲೆ ಕೂತು, ಗೈರುಹಾಜರಾಗಿ ಬರುತ್ತಿದ್ದವಳು ಇವಳೇ. ಗಾಳಿಯಲ್ಲ, ಹುಡುಗನಲ್ಲ, ಫೋನೂ ಅಲ್ಲ.

ಸಿನಿಮಾ ಕೊನೆಗೆ ಬಂತು. ತರಗತಿ, ಹಾಜರಿ. ಹೆಸರು ಕೂಗುತ್ತಾರೆ. ಬೆಂಚುಗಳ ತುಂಬ ಕೂತ ಅದೇ ಮುಖಗಳೆಲ್ಲ ಒಟ್ಟಿಗೆ ‘ಇದ್ದೇನೆ’ ಎನ್ನುತ್ತವೆ. ಹಿಂದಿನ ಬೆಂಚಿನಲ್ಲಿ ಅವಳು, ನಿಜವಾದವಳು, ಹಿಟ್ಟಿನ ಉಂಡೆ ಹೊತ್ತು ಕೂತಿರುತ್ತಾಳೆ. ಮಂಜು ಕಿಟಕಿಯಿಂದ ಒಳಗೆ ಬರುತ್ತದೆ. ಮುಗಿಯಿತು. ಇದೆಂಥ ಮುಕ್ತಾಯ ಎಂದು ನನಗೆ ಸಿಟ್ಟು ಬಂತು. ನಮ್ಮ ಆಟವಾಗಿದ್ದರೆ ಜನ ಮೇಳದವರನ್ನು ಊರು ಬಿಡಲು ಬಿಡುತ್ತಿರಲಿಲ್ಲ. ಅವಳು ಫೋನ್ ಆರಿಸಿ ಮಡಿಲಲ್ಲಿಟ್ಟುಕೊಂಡಳು.

ಕಾಲೇಜಿಗೆ ನಾನೇ ಬಂದು ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ ಎಂದೆ. ಕೂಡದು ಎಂದಳು. ತಾತನನ್ನು ಕರೆತಂದವಳು ಅಂತ ಇನ್ನೊಂದು ಹೆಸರು ಬೀಳುತ್ತದಂತೆ. ಅಮ್ಮನಿಗೂ ಹೇಳಬೇಡ, ಅವಳು ಬಂದು ಜಗಳ ತೆಗೆಯುತ್ತಾಳೆ ಎಂದಳು. ಹಾಗಾದರೆ ಕಂಪ್ಲಿಗೆ ಹೋಗುತ್ತೀಯಾ, ಅಲ್ಲಿ ನಿನ್ನ ಹೆಸರಿನವರು ಯಾರೂ ಇರಲಿಕ್ಕಿಲ್ಲ ಎಂದೆ.

“ಅಲ್ಲಿ ಹೋದ್ರ ಮತ್ತ ಹೊಸಬಳು ತಾತ. ಉಳಿದದ್ದು ಒಂಚೂರು ಐತಿ. ಅದನ್ನೂ ಅಲ್ಲಿ ಹಂಚಬೇಕು.”

ನನಗೆ ಬೇರೇನೂ ತೋಚಲಿಲ್ಲ. ಬುದ್ಧಿ ಹೇಳುವುದು ನನಗೆ ಬರುವುದಿಲ್ಲ, ಹೇಳಿದರೂ ಆ ಮನೆಯಲ್ಲಿ ಯಾರು ನಂಬುತ್ತಾರೆ? ಎದ್ದು ನಿಂತೆ. ಹೆಗಲ ಟವೆಲನ್ನು ನಡುವಿಗೆ ಬಿಗಿದು, ಒಂದು ಸುತ್ತು ಹಾಕಿ, ಮಂಟಪದ ಕಂಬಗಳು ಗುಂಯ್ ಅನ್ನುವ ಹಾಗೆ ಕೇಳಿದೆ. “ಭಲಾ! ಈ ಮಂಟಪದಲ್ಲಿ ಹೀಗೆ ಕೂತಂಥವರು ತಾವು ಯಾರು? ಯಾವ ಪಟ್ಟಣ? ತಮ್ಮ ನಾಮಾಂಕಿತವೇನು?” ಎಳನೀರು ಮಾರುವವನು ತಿರುಗಿ ನೋಡಿದ. ವಿದೇಶದ ಇಬ್ಬರು ಹೆಂಗಸರು ನಿಂತರು. ಅವಳು ನಾಚಿ ಮುಖ ಮುಚ್ಚಿಕೊಂಡಳು. ನಾನು ಬಿಡಲಿಲ್ಲ, ಮತ್ತೆ ಕೇಳಿದೆ. ರಾಜನನ್ನು ಕಾಯಿ‌ಸಿದವನು ಇವಳಿಗಾಗಿ ಕಾಯುತ್ತ ನಿಂತೆ.

ಬೆರಳ ಸಂದಿಯಿಂದ, ನನ್ನದೇ ಧಾಟಿಯಲ್ಲಿ, ನನ್ನನ್ನೇ ಅಣಕಿಸುತ್ತ ದನಿ ಬಂತು. “ಎಲೈ ಸಾರಥಿ, ಸಂಡೂರು ಪಟ್ಟಣದಿಂದ ಬಂದು, ಹೊಸಪೇಟೆಯಲ್ಲಿ ಎರಡನೇಯಾಕಿ ಅನ್ನಿಸಿಕೊಂಡು, ಸುಳ್ಳುಗಾರ ತಾತನ ಕೈಯಾಗ ಸಿಕ್ಕು ಮಾನ ಕಳಕಂಡಾಕಿ ನಾನು.” ಆಮೇಲೆ ತನ್ನ ಹೆಸರು ಹೇಳಿದಳು, ಪೂರಾ, ತಂದೆಯ ಹೆಸರು ಸೇರಿಸಿ. ಎಷ್ಟೋ ದಿನದ ಮೇಲೆ ಆ ಸಂಡೂರಿನ ದನಿ ಕೇಳಿದ್ದೆ.

ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ ಅವಳು ಮೊದಲಿನ ದನಿಗೆ ಇಳಿದು, “ಅಲ್ಲಿ ಯಾರು ಹಿಂಗ ಕೇಳ್ತಾರ ತಾತ? ಅಲ್ಲಿ ಹೆಸರು ಓದ್ತಾರ, ಮುಂದ ಹೋಗ್ತಾರ” ಎಂದಳು. ಇಬ್ಬರೂ ಹೊಸಪೇಟೆಯ ಬಸ್ಸು ಹತ್ತಿದೆವು. ಮನೆಯಲ್ಲಿ ಮಗಳು ಪ್ರಸಾದ ತೆಗೆದುಕೊಂಡು ನಮ್ಮಿಬ್ಬರ ಮುಖವನ್ನೂ ಪರೀಕ್ಷೆ ಮಾಡಿದಳು. ದರ್ಶನ ಚೆನ್ನಾಗಿ ಆಯಿತು ಎಂದೆ. ನಂಬಲಿಲ್ಲ.

ಸೋಮವಾರ ನಾನು ಹಿಂಬಾಲಿಸಲಿಲ್ಲ. ಬೇರೆ ದಾರಿಯಲ್ಲಿ ಹೋಗಿ, ನನ್ನದೇ ಬಟ್ಟೆಯಲ್ಲಿ, ಆ ಚಹಾ ಅಂಗಡಿಯಲ್ಲಿ ಕೂತೆ. ಕಾಲೇಜಿನ ಗಂಟೆ ಹೊಡೆಯಿತು. ಗೋಡೆಯಾಚೆ ಹೆಸರು ಕೂಗುವುದು ನಿಂತು ನಿಂತು ಕೇಳುತ್ತಿತ್ತು. ಕೈಯಲ್ಲಿದ್ದ ಲೋಟ ಹಾಗೇ ಹಿಡಿದಿದ್ದೆ. ಆಗ ಎಲ್ಲ ದನಿಗಳ ಮೇಲೆ ಒಂದು ದನಿ ರಸ್ತೆಯ ತನಕ ಬಂತು, ‘ಎಸ್ ಸರ್’. ಸಂಡೂರಿನ ಬೀದಿಯ ಆ ತುದಿಯಿಂದ ಬರುತ್ತಿತ್ತಲ್ಲ, ಅದೇ.

ಸಂಜೆ ನನ್ನ ಮಗಳು ಫೋನನ್ನು ಎದುರಿಗಿಟ್ಟುಕೊಂಡು ಕೂತಳು. ಬರಬೇಕಾದ ಹೊತ್ತು ದಾಟಿತು. ಮೆಸೇಜು ಬರಲಿಲ್ಲ. ನೆಟ್‌ವರ್ಕ್ ಇಲ್ಲವೆಂದು ಅನುಮಾನಿಸಿ ಪಕ್ಕದ ಮನೆಯವರಿಂದ ಒಂದು ಕರೆ ಮಾಡಿಸಿ ನೋಡಿದಳು. ಫೋನ್ ಸರಿಯಾಗಿಯೇ ಇತ್ತು. ಆಗ ನನ್ನ ಕಡೆ ತಿರುಗಿ, “ಯಪ್ಪಾ, ನೀ ಏನರ ಮಾಡಿದೇನು?” ಎಂದಳು. ದೇವರಾಣೆ ಇಲ್ಲ ಎಂದೆ. ಅದನ್ನೂ ನಂಬಲಿಲ್ಲ. ಕಂಪ್ಲಿಯ ಚೀಲವನ್ನು ಅಟ್ಟಕ್ಕೆ ಏರಿಸದೆ ಬಾಗಿಲ ಹಿಂದೆ ಸರಿಸಿಟ್ಟಳು.

ಮೊಮ್ಮಗಳು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಮೊಸರನ್ನ ತಿನ್ನುತ್ತ ಹೇಳಿದಳು. ಮೊದಲ ಹೆಸರು ಕೂಗಿದಾಗ ಆ ಹುಡುಗಿ ಎಸ್ ಅಂದಳು. ಎರಡನೆಯದಕ್ಕೆ ಇವಳು ಅಂದಳು. ಮೇಷ್ಟ್ರು ಪೆನ್ನು ನಿಲ್ಲಿಸಿ, ಇದ್ಯಾರಿದು ಇನ್ನೊಬ್ಬಾಕಿ ಎಂದರಂತೆ.

“ನಾ ಎದ್ದು ನಿಂತು ಅಂದೆ, ಅಕಿ ಇನ್ನೊಬ್ಬಾಕಿ ಸರ್, ನಾ ಸಂಡೂರಾಕಿ.”

“ಹುಡುಗ್ರು ನಕ್ರೇನು?”

“ನಕ್ರು.”

“ಈ ಸಲದ ನಗು ಬ್ಯಾರೆ ಇತ್ತಾ?”

“ಗೊತ್ತಿಲ್ಲ ತಾತ. ನಗು ನಗುನ.” ತಟ್ಟೆ ಬಳಿದು, ನಾಳೆಯೂ ಅನ್ನಬೇಕಲ್ಲ ಎಂದು ಬೇಸರದಿಂದ ಎದ್ದುಹೋದಳು. ಸ್ವಲ್ಪ ಹೊತ್ತಿಗೆ ಮೇಲಿನ ಕೋಣೆಯಿಂದ ಅದೇ ಸಿನಿಮಾದ ಗಾಳಿ ಸದ್ದು ಬಂತು. ಈ ಸಲ ಕಿವಿಗೆ ವೈರು ಹಾಕಿರಲಿಲ್ಲ, ಬಾಗಿಲೂ ತೆರೆದಿತ್ತು.

ಅವಳು ಹೇಳಿದ್ದೆಲ್ಲ ನಿಜವೋ ಅಲ್ಲವೋ ನಾನು ಆಣೆ ಮಾಡಲಾರೆ, ಎಷ್ಟಾದರೂ ನನ್ನ ಮೊಮ್ಮಗಳು. ಮೆಸೇಜು ಬರಲಿಲ್ಲ ಅನ್ನುವುದಂತೂ ನಿಜ. ನಾನಾಗಿ ಸೇರಿಸಿದ್ದು ಒಂದೇ. ಅವಳ ‘ಎಸ್ ಸರ್’ ರಸ್ತೆಯ ತನಕ ಕೇಳಿಸಿತು ಅಂದೆನಲ್ಲ, ಅದು ಸುಳ್ಳು. ಅಂಗಡಿಗೂ ಆ ಕೋಣೆಗೂ ನಡುವೆ ದೊಡ್ಡ ಅಂಗಳವಿದೆ, ಎದುರಿಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನನಗೆ ಏನೂ ಕೇಳಿಸಲಿಲ್ಲ. ಚಹಾ ಆರಿಹೋಗುವ ತನಕ, ಬಾಯಿ ಮುಚ್ಚಿಕೊಂಡು, ಗೋಡೆ ನೋಡುತ್ತ ಕೂತಿದ್ದೆ.